ಇಳಿಸದೆ ಬಿಟ್ಟ ಪಾದರಸ

ಮನೆ,
ಭಾನುವಾರ, ಹನ್ನೆರಡನೇ ತಾರೀಖು, ಮಧ್ಯಾಹ್ನ

ಪ್ರೀತಿಯ ಮೇಸ್ತ್ರಿಗಳೇ,

ಈ ಪತ್ರವನ್ನು ಇವತ್ತು ಎರಡನೇ ಸಲ ಬರೆಯುತ್ತಿದ್ದೇನೆ. ಮೊದಲನೆಯದರಲ್ಲಿ ನಿನ್ನ ಅಮ್ಮನ ನೆಗಡಿ ಇತ್ತು, ಬಚ್ಚಲಿನ ನಲ್ಲಿ ಇತ್ತು, ನಮ್ಮ ಆಫೀಸಿಗೆ ಬಂದ ಹೊಸ ಫ್ಯಾನು ಇತ್ತು. ಥರ್ಮಾಮೀಟರಿನ ವಿಷಯ ಇರಲಿಲ್ಲ. ಮಡಚಿ ಕವರಿಗೆ ಹಾಕಿ, ಅಂಟು ಹಚ್ಚುವ ಮುಂಚೆ ಒಮ್ಮೆ ತೆಗೆದು ಓದಿದೆ. ಅದರಲ್ಲಿ ಒಂದೂ ಸುಳ್ಳಿರಲಿಲ್ಲ, ಆದರೆ ಅದನ್ನು ಓದಿದ ಮೇಲೂ ನೀನು ಸುಳ್ಳನ್ನೇ ನಂಬಿಕೊಂಡು ಇರುತ್ತಿದ್ದೆ. ಹರಿದು ಹಾಕಿ ಮತ್ತೆ ಕೂತಿದ್ದೇನೆ. ವಿಷಯಕ್ಕೆ ಬರುತ್ತೇನೆ. ಆದರೆ ಮೊದಲು ಕೇಳಬೇಕಾದದ್ದನ್ನು ಕೇಳಿಬಿಡುತ್ತೇನೆ, ಆಮೇಲೆ ಕೇಳುವುದಕ್ಕೆ ಮನಸ್ಸು ಇರುತ್ತದೋ ಇಲ್ಲವೋ.

ಹೇಗಿದ್ದೀಯಾ? ಫೋನಿನಲ್ಲಿ ಕೇಳಿದರೆ ‘ಚೆನ್ನಾಗಿದೀನಿ, ಚೆನ್ನಾಗಿದೀನಿ’ ಎಂದು ಎರಡೆರಡು ಸಲ ಹೇಳುತ್ತೀಯಾ, ಅದರಿಂದ ನನಗೆ ಏನೂ ತಿಳಿಯುವುದಿಲ್ಲ. ಎಡ ಮಂಡಿ ಹೇಗಿದೆ? ಆ ಸುರಂಗದ ಕೆಲಸದಲ್ಲಿ, ಅಷ್ಟು ಎತ್ತರದ ಚಳಿಯಲ್ಲಿ ದಿನವಿಡೀ ಸಿಮೆಂಟ್ ನೆಲದ ಮೇಲೆ ನಿಲ್ಲುತ್ತೀಯಾ, ಸಂಜೆಗೆ ಊದಿಕೊಳ್ಳುತ್ತಿದೆಯಾ? ಕಂಪ್ರೆಸರ್ ಶೆಡ್ಡಿನೊಳಗೆ ಕಿವಿಗೆ ಹತ್ತಿ ಇಟ್ಟುಕೊಳ್ಳುತ್ತೀಯಾ, ಅಥವಾ ಕೈಕೆಳಗಿನವರ ಮುಂದೆ ಮುಖ್ಯ ಮೆಕ್ಯಾನಿಕ್ಕಿನ ಮರ್ಯಾದೆ ಹೋಗುತ್ತದೆಯಾ? ಇವತ್ತು ಫೋನಿನಲ್ಲಿ ನಾನು ಒಂದೇ ಮಾತನ್ನು ಮೂರು ಸಲ ಹೇಳಬೇಕಾಯಿತು. ಲೈನು ಸರಿಯಿಲ್ಲ ಅಂದೆ ನೀನು. ಲೈನು ಚೆನ್ನಾಗಿಯೇ ಇತ್ತು, ನಿನ್ನ ಹಿಂದೆ ಸಾಲಿನಲ್ಲಿ ನಿಂತವರ ಕೆಮ್ಮು ಕೂಡ ನನಗೆ ಕೇಳಿಸುತ್ತಿತ್ತು.

ಅಮ್ಮ ಆರಾಮವಾಗಿದ್ದಾರೆ. ನೆಗಡಿ ಇಳಿದಿದೆ, ಗಂಟಲು ಮೊದಲಿನ ಹಾಗೆ ಕೆಲಸ ಮಾಡುತ್ತಿದೆ. ನಿನ್ನ ಹೋದ ಪತ್ರವನ್ನು ಅವರೇ ಓದುತ್ತೇನೆಂದು ತೆಗೆದುಕೊಂಡು, ಕನ್ನಡಕವನ್ನು ಹಿಂದೆ ಮುಂದೆ ಸರಿಸಿ, ‘ಕಾಗೆ ಕಾಲು ಗುಬ್ಬಿ ಕಾಲು, ಇವನನ್ನ ಯಾವ ಮೇಷ್ಟ್ರು ಪಾಸ್ ಮಾಡಿದ್ರೋ’ ಎಂದು ನನ್ನ ಕೈಗೇ ಕೊಟ್ಟರು. ನಾನು ಓದುವಾಗ ನೀನು ನನಗೆಂದು ಬರೆದ ಎರಡು ಸಾಲು ಬಿಟ್ಟು ಓದಿದೆ. ಅವರು ಸುಮ್ಮನೆ ಕೇಳಿಸಿಕೊಂಡು, ‘ಬಿಟ್ಟಿದ್ದು ಎಷ್ಟು ಸಾಲು?’ ಅಂದರು. ಅವರ ಮುಂದೆ ನಾನು ನಿನ್ನನ್ನು ‘ಅವರು’ ಅನ್ನುವುದು, ಕೋಣೆಯ ಬಾಗಿಲು ಹಾಕಿದ ಮೇಲೆ ‘ನೀನು’ ಅನ್ನುವುದು ಕೂಡ ಅವರಿಗೆ ಗೊತ್ತಂತೆ. ‘ಈ ಮನೆ ಗೋಡೆ ಒಂದೇ ಇಟ್ಟಿಗೆ ದಪ್ಪ ಕಣೆ’ ಅಂದರು. ಇಷ್ಟು ವರ್ಷ ಹೇಳಿರಲಿಲ್ಲ. ಬಚ್ಚಲಿನ ನಲ್ಲಿ ಇನ್ನೂ ತೊಟ್ಟಿಕ್ಕುತ್ತಿದೆ. ನೀನು ಹೇಳಿದ ಅಳತೆಯ ವಾಷರ್ ತಂದು ಹಾಕಿಸಿದೆ, ಎರಡು ದಿನ ನಿಂತು ಮತ್ತೆ ಶುರುವಾಯಿತು. ನೀರು ಸರಬರಾಜು ಕಚೇರಿಯಲ್ಲಿ ಕೆಲಸ ಮಾಡುವವಳ ಮನೆಯ ನಲ್ಲಿ ಸೋರುತ್ತದೆ ಎಂದು ಪಕ್ಕದ ಮನೆಯ ದರ್ಜಿ ದಿನಕ್ಕೊಮ್ಮೆ ನಗುತ್ತಾನೆ.

ಇನ್ನು ವಿಷಯ. ನಮ್ಮ ಬೆಳಗುಗಳು ಹೇಗಿದ್ದವೆಂದು ನಿನಗೆ ಹೇಳಬೇಕಾಗಿಲ್ಲ, ಆದರೂ ಒಂದೊಂದಾಗಿ ಬರೆದರೆ ನನಗೇ ಸ್ಪಷ್ಟವಾಗಬಹುದು, ಓದಿಕೋ. ಡಾಕ್ಟರಮ್ಮ ಹೇಳಿಕೊಟ್ಟದ್ದು ಸರಳವಾಗಿತ್ತು. ಎದ್ದ ಮೇಲೆ ಅಲ್ಲ, ಏಳುವುದಕ್ಕೂ ಮುಂಚೆ ಮೈಯ ಬಿಸಿ ನೋಡಬೇಕು. ಕಾಲು ನೆಲಕ್ಕೆ ತಾಕಬಾರದು, ನೀರು ಕುಡಿಯಬಾರದು, ಮಾತಾಡಬಾರದು. ಮುಟ್ಟು ನಿಂತ ಮೇಲೆ ಕೆಲವು ದಿನ ಪಾದರಸ ಕೆಳಗೇ ಇರುತ್ತದೆ. ಅಂಡ ಬಿಡುಗಡೆಯಾದ ಮೇಲೆ ಅರ್ಧ ಡಿಗ್ರಿಯಷ್ಟು ಏರಿ ಅಲ್ಲೇ ಆಚೆ ಈಚೆ ಆಡುತ್ತದೆ, ಮತ್ತೆ ಮುಟ್ಟಾಗುವ ಹೊತ್ತಿಗೆ ಇಳಿಯುತ್ತದೆ. ಇಳಿಯದೆ ಮೂರು ವಾರ ದಾಟಿತೆಂದರೆ ಅದು ನಾವು ಕಾಯುತ್ತಿದ್ದ ಸುದ್ದಿ. ಶಾಲೆಯಲ್ಲಿ ನಾನು ಇದನ್ನೆಲ್ಲ ಇಂಗ್ಲಿಷಿನಲ್ಲಿ ಓದಿದವಳು. ಚಿತ್ರ ಬರೆದು, ಬಾಣದ ಗುರುತು ಹಾಕಿ, ಪೂರ್ತಿ ಅಂಕ ತೆಗೆದುಕೊಂಡಿದ್ದೆ. ಆದರೆ ಹಾಸಿಗೆಯ ಮೇಲೆ ಕೂತು ಗಂಡನಿಗೆ ಹೇಳುವಂಥ ಒಂದು ಪದವೂ ಅದರಿಂದ ನನಗೆ ಸಿಕ್ಕಿರಲಿಲ್ಲ. ಕೊನೆಗೆ ನಾವಿಬ್ಬರೂ ಒಂದೇ ಮಾತು ಇಟ್ಟುಕೊಂಡೆವು. ‘ಏರಿತಾ?’ ‘ಇನ್ನೂ ಇಲ್ಲ.’ ಏರಿದ್ದು ತಿಳಿಯುವ ಹೊತ್ತಿಗೆ ಆ ದಿನ ಮುಗಿದಿರುತ್ತದೆ ಎಂದು ಗೊತ್ತಾದಾಗ ನೀನು, ‘ಇದು ಬಸ್ ಹೋದ ಮೇಲೆ ಹೊಗೆ ತೋರಿಸೋ ಯಂತ್ರ’ ಅಂದೆ. ಹೊಗೆ ನೋಡಿ ನೋಡಿ ಬಸ್ಸಿನ ವೇಳೆ ಕಲಿಯಬೇಕು ಎಂದು ಡಾಕ್ಟರಮ್ಮನೂ ನಿನ್ನ ಮಾತನ್ನೇ ಹಿಡಿದು ಹೇಳಿದರು. ಆ ಒಂದು ದಿನ ನಾವು ಮೂವರೂ ನಕ್ಕೆವು.

ಹಾಗೆ ಮೂರು ವರ್ಷ. ದಿಂಬಿನ ಪಕ್ಕ ಸ್ಟೂಲು, ಸ್ಟೂಲಿನ ಮೇಲೆ ಹತ್ತಿ ಹಾಕಿದ ಬಟ್ಟಲು, ಬಟ್ಟಲಿನಲ್ಲಿ ಥರ್ಮಾಮೀಟರ್. ಎಚ್ಚರವಾದ ಕೂಡಲೇ ಕಣ್ಣು ಪೂರ್ತಿ ತೆರೆಯದೆ ಕೈ ಚಾಚಿ ನಾಲಿಗೆಯ ಕೆಳಗೆ ಇಟ್ಟುಕೊಳ್ಳುತ್ತಿದ್ದೆ. ನೀನೂ ಪಕ್ಕದಲ್ಲಿ ಎಚ್ಚರವಾಗಿರುತ್ತಿದ್ದೆ. ನೀನು ಮಾತಾಡಬಹುದಿತ್ತು, ನಿನಗೆ ಯಾರೂ ಬೇಡ ಅಂದಿರಲಿಲ್ಲ. ಆದರೆ ನೀನು ಏನಾದರೂ ಅಂದರೆ ನಾನು ಉತ್ತರ ಕೊಟ್ಟುಬಿಡುತ್ತೇನೆಂದು ನೀನೂ ಸುಮ್ಮನೆ ಸೀಲಿಂಗ್ ನೋಡುತ್ತಿದ್ದೆ. ಆಮೇಲೆ ನಾನು ಅದನ್ನು ಬೆಳಕಿಗೆ ಹಿಡಿದು ಓದುವುದು, ಕಪಾಟಿನ ಬಾಗಿಲ ಒಳಗೆ ಅಂಟಿಸಿದ ಹಾಳೆಯಲ್ಲಿ ನೀನು ಪೆನ್ಸಿಲಿನಿಂದ ಚುಕ್ಕೆ ಇಡುವುದು. ಅಷ್ಟರಲ್ಲಿ ಮಾತಾಡುವ ಹೊತ್ತು ಕಳೆದಿರುತ್ತಿತ್ತು. ಒಬ್ಬರು ಒಲೆ ಹಚ್ಚುವುದಕ್ಕೆ, ಒಬ್ಬರು ನೀರು ಹಿಡಿಯುವುದಕ್ಕೆ.

ನೀನು ಹೋದ ಮಾರನೇ ಬೆಳಿಗ್ಗೆ ಪಾದರಸ ಏರಿತ್ತು. ನಾವು ಎದುರು ನೋಡುತ್ತಿದ್ದ ದಿನಗಳೂ ಅವೇ ಆಗಿದ್ದವು. ನೀನಿಲ್ಲದ ಹಾಸಿಗೆಯಲ್ಲಿ ನಾನು ಸರಿಯಾಗಿ ಮಲಗಿರಲಿಲ್ಲ, ಚಳಿಯಾಗುತ್ತದೆಂದು ಅಮ್ಮ ಎರಡು ಕಂಬಳಿ ಹೊದಿಸಿ ಹೋಗಿದ್ದರು. ಆಗ ಅದೆಲ್ಲ ನನ್ನ ಲೆಕ್ಕಕ್ಕೆ ಬರಲಿಲ್ಲ. ಏರಿದೆ, ನೀನು ಹೊರಡುವ ಮುಂಚೆಯೇ ಆಗಬೇಕಾದದ್ದು ಆಗಿದೆ, ಅಷ್ಟೇ ಅಂದುಕೊಂಡೆ. ಪೆನ್ಸಿಲ್ ತೆಗೆದುಕೊಂಡು ನಾನೇ ಚುಕ್ಕೆ ಇಟ್ಟೆ. ಮಾರನೇ ದಿನವೂ ಅಷ್ಟೇ ಇತ್ತು. ಅದರ ಮಾರನೇ ದಿನವೂ. ಇಳಿಯಬೇಕಾದ ಹೊತ್ತಿಗೆ ಇಳಿಯಲಿಲ್ಲ, ಮುಟ್ಟೂ ಆಗಲಿಲ್ಲ. ಪರೀಕ್ಷೆ ಮಾಡಿಸಬಹುದಿತ್ತು. ಹಿಂದೆ ಎರಡು ಸಲ ಅವಸರ ಮಾಡಿ ಹೋದಾಗ, ಲ್ಯಾಬಿನ ಕಿಟಕಿಯಲ್ಲಿ ಕಾಗದ ಕೊಡುವ ಆ ಹುಡುಗಿ ನಮ್ಮ ಮುಖ ನೋಡದೆ ಕಾಗದ ದಾಟಿಸಿದ್ದು ನಿನಗೆ ನೆನಪಿದೆ. ಈ ಸಲ ಕಾಯೋಣ ಎಂದು ನಾನೇ ತೀರ್ಮಾನಿಸಿದೆ. ಮೂರು ವಾರ ದಾಟಿದ ಭಾನುವಾರ ನಿನಗೆ ಹೇಳಿದೆ. ‘ನಿಜವಾಗ್ಲೂ ಇಳೀಲಿಲ್ವಾ?’ ಅಂದೆ ನೀನು. ‘ಇಳೀಲಿಲ್ಲ’ ಅಂದೆ ನಾನು. ಆಮೇಲೆ ನಿನ್ನ ಹಿಂದಿನಿಂದ ಕಂಪ್ರೆಸರ್ ಸದ್ದು ಮಾತ್ರ ಬರುತ್ತಿತ್ತು. ಸಾಲಿನಲ್ಲಿದ್ದ ಯಾರೋ ‘ಅಣ್ಣ, ಮುಗೀತಾ?’ ಅಂದದ್ದಕ್ಕೆ ನೀನು ‘ಇಲ್ಲಪ್ಪ, ಈಗ ಶುರುವಾಗಿದೆ’ ಅಂದೆ. ಅದನ್ನು ಕೇಳಿ ನಾನು ಫೋನಿಟ್ಟ ಮೇಲೂ ಅಲ್ಲೇ ನಿಂತಿದ್ದೆ.

ಮೊನ್ನೆ ಬುಧವಾರ ಅಮ್ಮನಿಗೆ ನೆಗಡಿ ಜೋರಾಗಿತ್ತು. ‘ಮೈ ಬೆಚ್ಚಗಿದೆ ಅನ್ಸುತ್ತೆ, ನಿನ್ನ ಗಾಜಿನ ಕಡ್ಡಿ ಕೊಡು’ ಅಂದರು. ಅದು ಜ್ವರ ನೋಡುವುದಕ್ಕಲ್ಲ, ಬೇರೆ ಕೆಲಸಕ್ಕೆ ಅಂದೆ. ‘ಜ್ವರಕ್ಕೇನು ಗೊತ್ತಾಗುತ್ತೆ ಅದು ಯಾರ ಕಡ್ಡಿ ಅಂತ, ತಾ’ ಅಂದರು. ತಣ್ಣೀರಿನಲ್ಲಿ ತೊಳೆದು ಒರೆಸಿ ಕೊಟ್ಟೆ. ಅವರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ‘ಇದೇನೇ, ಬಾಯಿಗೆ ಇಡೋಕೆ ಮುಂಚೇನೇ ತೊಂಬತ್ತೆಂಟು ದಾಟಿ ಕೂತಿದೆ. ನನ್ನ ಜ್ವರ ನನಗಿಂತ ಮುಂಚೆ ಬಂದುಬಿಟ್ಟಿದೆಯಾ?’ ಅಂದು ನಕ್ಕರು. ನಾನು ಕೈಗೆ ತೆಗೆದುಕೊಂಡು ನೋಡಿದೆ. ನಾನು ದಿನಾ ಹಾಳೆಯಲ್ಲಿ ಇಡುತ್ತಿದ್ದ ಅದೇ ಅಂಕಿ. ‘ಕೊಡವಿ ಕೊಡಬೇಕು ಕಣಮ್ಮ, ಇಷ್ಟು ಓದಿದೀಯ’ ಅಂದರು. ನಾನು ಕೊಡವಿದೆ. ನನ್ನ ಕೈಗೆ ಅಭ್ಯಾಸವಿಲ್ಲ, ಮೊದಲ ಸಲಕ್ಕೆ ಅಲುಗಲೇ ಇಲ್ಲ. ಮತ್ತೆ ಜೋರಾಗಿ ಕೊಡವಿದ ಮೇಲೆ ಆ ಗೆರೆ ತುಂಡಾಗದೆ ಸರ್ರನೆ ಕೆಳಗೆ ಹೋಯಿತು. ಅಮ್ಮನಿಗೆ ಜ್ವರ ಇರಲಿಲ್ಲ. ರಾತ್ರಿ ಮತ್ತೆ ಕೊಡವಿ ಇಟ್ಟು, ಮಾರನೇ ಬೆಳಿಗ್ಗೆ ನಾನು ಇಟ್ಟುಕೊಂಡು ನೋಡಿದೆ. ಕೆಳಗೇ ಇತ್ತು. ತೀರ ಕೆಳಗೆ.

ನೀನು ಇಷ್ಟರಲ್ಲಿ ಅರ್ಥ ಮಾಡಿಕೊಂಡಿರುತ್ತೀಯಾ. ಬೆಳಿಗ್ಗೆ ಕೊಡವಿದರೆ ತೋಳಿನ ಕೆಲಸಕ್ಕೇ ಮೈ ಬಿಸಿಯಾಗುತ್ತದೆ, ಹಿಂದಿನ ದಿನವೇ ಪಾದರಸ ಇಳಿಸಿ ಇಡಿ ಎಂದು ಡಾಕ್ಟರಮ್ಮ ಹೇಳಿದಾಗ ನೀನು ‘ಅದು ನನ್ನ ಡಿಪಾರ್ಟ್‌ಮೆಂಟ್’ ಅಂದಿದ್ದೆ. ಅಂದಿನಿಂದ ಮಲಗುವ ಮುಂಚೆ ಒಂದು ದಿನವೂ ತಪ್ಪಿಸಲಿಲ್ಲ. ನಾನು ಗೋಡೆಯ ಕಡೆ ತಿರುಗಿ ಮಲಗಿರುತ್ತಿದ್ದೆ, ಬೆನ್ನ ಹಿಂದೆ ನಿನ್ನ ಅಂಗಿಯ ತೋಳು ಪಟ್ ಪಟ್ ಅನ್ನುವುದು ಕೇಳಿಸುತ್ತಿತ್ತು, ಆಮೇಲೆ ಗಾಜು ಬಟ್ಟಲಿಗೆ ತಾಕುವ ಸಣ್ಣ ಸದ್ದು, ಆಮೇಲೆ ದೀಪ. ನೀನು ಹೋದ ಮೇಲೆ ಕೋಣೆ ತೀರ ನಿಶ್ಶಬ್ದ ಅನ್ನಿಸುತ್ತಿತ್ತು. ನೀನಿಲ್ಲ, ಅದಕ್ಕೇ ಅಂದುಕೊಂಡೆ. ಕೊಡವದಿದ್ದರೆ ಏರಿದ ಪಾದರಸ ಏರಿದಲ್ಲೇ ನಿಲ್ಲುತ್ತದೆಂದು ನನಗೆ ಗೊತ್ತಿರಲಿಲ್ಲ ಅಂತಲ್ಲ, ಯಾವ ಮಗುವಿಗೂ ಗೊತ್ತಿರುವ ವಿಷಯ. ಆ ಕೆಲಸವನ್ನು ಇಷ್ಟು ದಿನ ಒಬ್ಬರು ಮಾಡುತ್ತಿದ್ದರು, ಈಗ ಯಾರೂ ಮಾಡುತ್ತಿಲ್ಲ ಎನ್ನುವುದು ಹೊಳೆಯಲಿಲ್ಲ. ನಿನಗೂ ಹೊಳೆಯಲಿಲ್ಲ ನೋಡು. ಹೊರಡುವ ದಿನ ಗ್ಯಾಸ್ ಬದಲಾಯಿಸುವುದು, ಗಡಿಯಾರಕ್ಕೆ ಕೀ ಕೊಡುವುದು, ಪಂಪಿಗೆ ನೀರು ತುಂಬಿ ಶುರುಮಾಡುವುದು, ಎಲ್ಲ ತೋರಿಸಿಕೊಟ್ಟೆ. ಇದೊಂದು ಬಿಟ್ಟುಹೋಯಿತು. ನಿನ್ನನ್ನು ದೂರುತ್ತಿಲ್ಲ. ಉಸಿರಾಡುವುದನ್ನು ಯಾರೂ ಯಾರಿಗೂ ಹೇಳಿಕೊಡುವುದಿಲ್ಲವಲ್ಲ, ಹಾಗೆ ಆಗಿಹೋಗಿತ್ತು ಅದು.

ಆದರೆ ನನ್ನನ್ನು ನಾನು ಅಷ್ಟು ಸುಲಭವಾಗಿ ಬಿಡಲಾರೆ, ಯಾಕೆಂದರೆ ನಾನು ಮಾಡುವ ಕೆಲಸವೇ ಅದು. ಆಫೀಸಿನಲ್ಲಿ ದಿನವಿಡೀ ನಾನು ನೋಡುವುದು ಏನು? ಮನೆಮನೆಯ ನೀರಿನ ಮೀಟರಿನ ಅಂಕಿ. ಹೋದ ತಿಂಗಳ ಅಂಕಿಯೇ ಈ ತಿಂಗಳೂ ಬಂದರೆ ಕೆಂಪು ಗೀಟು ಎಳೆದು ವಾಪಸ್ ಕಳಿಸುತ್ತೇನೆ. ಮನೆಗೆ ಬೀಗ ಹಾಕಿರಬೇಕು, ಇಲ್ಲವೇ ಮೀಟರ್ ಸಿಕ್ಕಿಕೊಂಡಿರಬೇಕು. ಜನ ವಾಸವಾಗಿರುವ ಮನೆಯಲ್ಲಿ ಅಂಕಿ ನಿಂತಲ್ಲೇ ನಿಲ್ಲುವುದಿಲ್ಲ. ಮೀಟರ್ ಓದಿ ಬರುವ ನಮ್ಮ ಬೀಗದಣ್ಣ ಗೊತ್ತಲ್ಲ, ನಾಯಿ ಇರುವ ಮನೆಗಳಿಗೆಲ್ಲ ‘ಬೀಗ ಹಾಕಿದೆ’ ಎಂದು ಬರೆದು ಆ ಹೆಸರು ಸಂಪಾದಿಸಿದವನು. ಅವನು ಹಳೆಯ ಅಂಕಿಯನ್ನೇ ಬರೆದು ತಂದಾಗ ಎಲ್ಲರ ಮುಂದೆ ಅವನಿಗೆ ಬೈದವಳು ನಾನು. ‘ಮೇಡಂ, ಆ ಮನೆಯವರು ಈ ತಿಂಗಳು ನೀರೇ ಮುಟ್ಟಿಲ್ವೇನೋ, ಸ್ನಾನ ಮಾಡಲೇಬೇಕು ಅಂತ ಕಾನೂನಿದೆಯಾ?’ ಅಂದ. ‘ಅಂಕಿ ಅಲುಗದಿದ್ರೆ ನಂಬಬಾರದು’ ಅಂದೆ. ಅದೇ ವಾರ ಮನೆಯಲ್ಲಿ ದಿನಾ ಬೆಳಿಗ್ಗೆ ಒಂದೇ ಅಂಕಿಯನ್ನು ನಂಬಿ ಚುಕ್ಕೆ ಇಡುತ್ತಿದ್ದೆ. ಕಪಾಟಿನ ಬಾಗಿಲಲ್ಲಿ ಅಡಿಪಟ್ಟಿ ಇಟ್ಟು ಎಳೆದ ಹಾಗೆ ನೇರ ಗೆರೆ ಇದೆ. ಹಿಂದಿನ ಯಾವ ತಿಂಗಳೂ ಹಾಗಿಲ್ಲ. ನಾನು ನೋಡಲಿಲ್ಲವೋ, ನೋಡಿಯೂ ನೋಡದ ಹಾಗೆ ಇದ್ದೆನೋ? ಈ ನಾಲ್ಕು ದಿನದಿಂದ ಇದನ್ನೇ ಕೇಳಿಕೊಳ್ಳುತ್ತಿದ್ದೇನೆ. ಒಮ್ಮೆ ಹೀಗೆ ಅನ್ನಿಸುತ್ತದೆ, ಒಮ್ಮೆ ಹಾಗೆ. ಒಂದು ಬೆಳಿಗ್ಗೆ ಚುಕ್ಕೆ ಇಡುವಾಗ ಕೈ ಸ್ವಲ್ಪ ನಿಂತದ್ದು ನೆನಪಿದೆ. ಯಾಕೆ ನಿಂತಿತೆಂದು ನೆನಪಿಲ್ಲ.

ಶುಕ್ರವಾರ ಅರ್ಧ ದಿನ ರಜೆ ಹಾಕಿ ಡಾಕ್ಟರಮ್ಮನ ಹತ್ತಿರ ಹೋದೆ. ಪರೀಕ್ಷೆ ಮಾಡಿದರು. ಇಲ್ಲ. ಮುಟ್ಟು ಯಾಕೆ ನಿಂತಿದೆ ಎಂದು ಕೇಳಿದೆ. ‘ನಲವತ್ತೆರಡು ಅಲ್ವಾ, ಈ ವಯಸ್ಸಿಗೆ ಒಂದೆರಡು ತಿಂಗಳು ತಪ್ಪೋದು ಉಂಟು. ಮತ್ತೆ ಬರಬಹುದು, ಹೀಗೇ ವಿರಳವಾಗ್ತಾ ಹೋಗಲೂಬಹುದು. ಈಗಲೇ ಹೇಳೋಕಾಗಲ್ಲ’ ಅಂದರು. ಪಾದರಸದ ಕತೆ ಹೇಳಿದೆ. ನಗುತ್ತಾರೆಂದುಕೊಂಡಿದ್ದೆ, ನಗಲಿಲ್ಲ. ‘ನಿಮ್ಮ ಯಜಮಾನರು ಎಲ್ಲಿ?’ ಅಂದರು. ಸುರಂಗದ ಕೆಲಸಕ್ಕೆ ಹೋಗಿದ್ದಾರೆ, ಒಳಗೆ ಇರುವವರಿಗೆ ಗಾಳಿ ಕಳಿಸುವ ಯಂತ್ರ ನೋಡಿಕೊಳ್ಳುತ್ತಾರೆ ಅಂದೆ. ‘ಒಳ್ಳೆ ಕೆಲಸ’ ಅಂದರು. ಹೊರಗೆ ಬಂದು ಬಸ್ಸಿಗೆ ನಿಂತೆ. ಅಳು ಬರಲಿಲ್ಲ. ಹಲ್ಲು ಕೀಳಿಸಿಕೊಂಡು ಬಂದ ದಿನ ಕೆನ್ನೆ ಹೇಗಿರುತ್ತದೆ ಹೇಳು, ಮುಟ್ಟಿದರೆ ಬೆರಳಿಗೆ ಗೊತ್ತಾಗುತ್ತದೆ, ಕೆನ್ನೆಗೆ ಗೊತ್ತಾಗುವುದಿಲ್ಲ. ಹಾಗಿದ್ದೇನೆ. ಆಫೀಸಿಗೆ ಹೋಗಿ ಉಳಿದರ್ಧ ದಿನ ಕೆಲಸ ಮಾಡಿದೆ. ಒಂದು ತಪ್ಪೂ ಆಗಲಿಲ್ಲ.

ಅಮ್ಮನಿಗೆ ನಾನು ಇನ್ನೂ ಹೇಳಿಲ್ಲ. ನೀನು ಫೋನಿನಲ್ಲಿ ‘ಅವಳಿಗೆ ಬಕೆಟ್ ಎತ್ತೋಕೆ ಬಿಡಬೇಡ’ ಅಂದದ್ದೇ ಅಂದದ್ದು, ಅವತ್ತಿನಿಂದ ಅವರು ನನ್ನನ್ನು ಬಚ್ಚಲಿನ ಹತ್ತಿರ ಸೇರಿಸುತ್ತಿರಲಿಲ್ಲ. ಆ ವಯಸ್ಸಿನಲ್ಲಿ ಅರ್ಧರ್ಧ ಬಕೆಟ್ ತುಂಬಿ ತಾವೇ ಒಳಗೆ ಎಳೆದಿಡುತ್ತಿದ್ದರು. ನಿನ್ನೆ ಬೆಳಿಗ್ಗೆ ನೋಡಿದರೆ ಬಚ್ಚಲ ಬಾಗಿಲಲ್ಲಿ ತುಂಬಿದ ಬಕೆಟ್ ಇತ್ತು. ಅವರು ಬೆನ್ನು ಹಾಕಿ ಪಾತ್ರೆ ಒರೆಸುತ್ತಾ, ‘ಅದನ್ನ ಒಳಗಿಡಮ್ಮ’ ಅಂದರು. ಎತ್ತಿ ಒಳಗಿಟ್ಟೆ. ಆ ಕಡ್ಡಿಯನ್ನು ಅವರ ಕೈಯಿಂದ ತೆಗೆದುಕೊಂಡಾಗ ನನ್ನ ಮುಖ ಹೇಗಿತ್ತೋ. ನಿನ್ನ ಹಳೆಯ ಸ್ವೆಟರ್ ಬಿಚ್ಚಿ, ಆ ಉಣ್ಣೆಯಲ್ಲಿ ಒಂದು ಸಣ್ಣ ಟೋಪಿ ಹೆಣೆಯಲು ಶುರುಮಾಡಿದ್ದರು, ಅಂಗೈಯಷ್ಟು ಆಗಿತ್ತು. ನೆಗಡಿ ಬಂದಾಗ ಮೂಲೆಗಿಟ್ಟಿದ್ದನ್ನು ಗುರುವಾರ ಮತ್ತೆ ತೆಗೆದರು. ಈಗ ಅದು ಅಗಲವಾಗುತ್ತಾ ಹೋಗುತ್ತಿದೆ. ನಿನ್ನೆ ಸಂಜೆ ಅಳತೆಗೆಂದು ನನ್ನ ತಲೆಯ ಮೇಲೇ ಇಟ್ಟು ನೋಡಿ, ‘ಅವನ ತಲೆ ಇನ್ನೂ ದಪ್ಪ, ನಾಲ್ಕು ಸಾಲು ಸೇರಿಸಬೇಕು. ಕಿವಿ ಮುಚ್ಚೋ ಹಾಗೆ ಮಾಡ್ತೀನಿ, ಅಲ್ಲಿ ಚಳಿ’ ಅಂದರು. ಆ ಟೋಪಿ ಬೇರೆ ಪಾರ್ಸೆಲ್ಲಿನಲ್ಲಿ ಬರುತ್ತದೆ. ಹಾಕಿಕೋ.

ಇವತ್ತು ಬೆಳಿಗ್ಗೆ ನಿನ್ನ ಫೋನು ಬಂದಾಗ ಹೇಳಬೇಕೆಂದೇ ನಾನು ಹತ್ತಿರ ಕೂತಿದ್ದೆ. ನೀನು ಬಾಯಿ ತೆರೆಯಲು ಬಿಡಲಿಲ್ಲ. ಹೊಸ ಕಂಪ್ರೆಸರ್ ಬಂದ ಪೆಟ್ಟಿಗೆಯ ಹಲಗೆಗಳನ್ನು ಎತ್ತಿಟ್ಟಿದ್ದೀಯಂತೆ, ಅಲ್ಲಿನ ಬಡಗಿ ತೊಟ್ಟಿಲು ಮಾಡಿಕೊಡುತ್ತಾನಂತೆ, ‘ಒಂದು ಮೊಳೆ ಕೂಡ ಹೊರಗೆ ಕಾಣಲ್ಲ, ನೋಡ್ತಾ ಇರು ಮೇಡಂ.’ ಆಮೇ‌ಲೆ ನೀನೇ ಅಂದೆ, ಇಪ್ಪತ್ತೆರಡಕ್ಕೆ ಸಾಹೇಬರಿಗೆ ಉತ್ತರ ಕೊಡಬೇಕು, ಇನ್ನೆರಡು ವರ್ಷದ ಕರಾರಿಗೆ ಸಹಿ ಹಾಕಲ್ಲ, ಊರಿಗೆ ಹೋಗ್ತೀನಿ ಅಂತ ಹೇಳಿಬಿಡ್ತೀನಿ. ನಾನು ‘ಸರಿ’ ಅಂದೆ. ಸರಿ ಅಂದದ್ದು ನನ್ನ ಬಾಯಿ. ನಿನ್ನ ಹಿಂದೆ ಅಷ್ಟು ಜನ ನಿಂತಿರುವಾಗ, ಆ ಸದ್ದಿನಲ್ಲಿ, ಒಂದೇ ಮಾತನ್ನು ಮೂರು ಸಲ ಕೂಗಿ ಹೇಳಬೇಕಾದ ಫೋನಿನಲ್ಲಿ, ‘ಮಗು ಇಲ್ಲ’ ಎಂದು ಮೂರು ಸಲ ಕೂಗಿ ಹೇಳಲು ನನಗೆ ಆಗುತ್ತಿರಲಿಲ್ಲ. ನಾನೇ ಮತ್ತೆ ಮಾಡೋಣವೆಂದರೆ ನಿಮ್ಮ ಫೋನಿಗೆ ಇಲ್ಲಿಂದ ಲೈನು ಸಿಗುವುದಿಲ್ಲ.

ಫೋನಿಟ್ಟ ಮೇಲೆ ಒಂದು ಲೆಕ್ಕ ಹಾಕಿದೆ. ಅದನ್ನೂ ಹೇಳಿಬಿಡುತ್ತೇನೆ. ನಿಮ್ಮ ಸಾಮಾನಿನ ಜೀಪು ಶನಿವಾರ ಮಾತ್ರ ಮೇಲೆ ಬರುತ್ತದೆ, ಅಂಚೆಯೂ ಅದರಲ್ಲೇ. ನಾಳೆ ಹಾಕಿದ ಪತ್ರ ಈ ಶನಿವಾರದ ಜೀಪಿಗೆ ಸಿಗುತ್ತದೆ, ನೀನು ಉತ್ತರ ಕೊಡುವುದಕ್ಕೆ ಮುಂಚೆಯೇ ನಿನ್ನ ಕೈಯಲ್ಲಿರುತ್ತದೆ. ಎರಡು ದಿನ ತಡೆದು ಹಾಕಿದರೆ ಮುಂದಿನ ಶನಿವಾರ. ಆ ಹೊತ್ತಿಗೆ ನೀನು ಸಾಹೇಬರಿಗೆ ಹೇಳಿಯಾಗಿರುತ್ತದೆ, ಬೇರೆಯವರನ್ನು ನೇಮಿಸಿಯಾಗಿರುತ್ತದೆ, ನೀನು ಹೊರಟಿರುತ್ತೀಯಾ. ಪತ್ರ ಸ್ವಲ್ಪ ತಡವಾಯಿತು, ಏನು ಮಾಡುವುದು ಎಂದು ನಾನು ಅನ್ನಬಹುದು. ಯಾರೂ ಏನೂ ಕೇಳುವುದಿಲ್ಲ. ನೀನೂ ಕೇಳುವುದಿಲ್ಲ. ಈ ಲೆಕ್ಕವನ್ನು ನಾನು ಎಷ್ಟು ಬೇಗ, ಎಷ್ಟು ಸರಿಯಾಗಿ ಹಾಕಿದೆನೆಂದು ನೋಡಿ ನನಗೇ ನನ್ನ ಪರಿಚಯ ಇಲ್ಲವೇನೋ ಅನ್ನಿಸಿತು.

ನೀನು ಕೆಲಸಕ್ಕಿದ್ದ ಐಸ್ ಫ್ಯಾಕ್ಟರಿ ಮುಚ್ಚಿದ ಮೇಲೆ ಮನೆಯಲ್ಲಿದ್ದ ವರ್ಷ ನನಗೆ ನೆನಪಿದೆ. ಒಂದೇ ರೇಡಿಯೋವನ್ನು ಬಿಚ್ಚುವುದು, ಜೋಡಿಸುವುದು, ಅದು ಹಾಡಿದರೆ ಮತ್ತೆ ಬಿಚ್ಚುವುದು. ಅಮ್ಮ ‘ಅದಕ್ಕೂ ಸ್ವಲ್ಪ ಉಸಿರಾಡೋಕೆ ಬಿಡೋ’ ಅನ್ನುತ್ತಿದ್ದರು. ಈಗ ಶೆಡ್ಡಿನ ಬಾಗಿಲ ಮೇಲೆ ನಿನ್ನ ಹೆಸರಿನ ಮುಂದೆ ಮುಖ್ಯ ಮೆಕ್ಯಾನಿಕ್ ಎಂದು ಬಣ್ಣದಲ್ಲಿ ಬರೆಸಿದ್ದಾರೆ ಎಂದು ನೀನು ಬರೆದಾಗ, ಆ ಒಂದು ಸಾಲಿನಲ್ಲಿ ಮಾತ್ರ ನಿನ್ನ ಅಕ್ಷರ ದುಂಡಗೆ ಇತ್ತು. ಇಲ್ಲದ ಮಗುವಿಗಾಗಿ ನೀನು ಅದನ್ನು ಬಿಟ್ಟು ಬರುವುದು ಬೇಡ. ಸಹಿ ಹಾಕಬೇಕೆನಿಸಿದರೆ ಹಾಕು. ಎರಡು ವರ್ಷ ಹೇಗೋ ಕಳೆಯುತ್ತದೆ. ಆಗ ನನಗೆ ನಲವತ್ತನಾಲ್ಕಾಗುತ್ತದೆ, ಅಷ್ಟೇ. ನಾನು ಬೇಸರ ಮಾಡಿಕೊಳ್ಳುವುದಿಲ್ಲ. ತೊಟ್ಟಿಲಿನ ಹಲಗೆಯಲ್ಲಿ ಬಡಗಿಗೆ ಹೇಳಿ ಒಂದು ಪೆಟ್ಟಿಗೆಯನ್ನೋ ಸ್ಟೂಲನ್ನೋ ಮಾಡಿಸಿಕೋ, ಹಲಗೆ ಒಳ್ಳೆಯದಿದ್ದರೆ ಹಾಳು ಮಾಡಬೇಡ.

ಮಂಡಿಗೆ ಎಣ್ಣೆ ತಿಕ್ಕುವುದನ್ನು ತಪ್ಪಿಸಬೇಡ. ಅಮ್ಮ ನಿನಗೆ ಆಶೀರ್ವಾದ ಹೇಳಿದ್ದಾರೆ, ಅದರ ಜೊತೆಗೆ ಅಕ್ಷರ ತಿದ್ದಿಕೋ ಅಂತಲೂ ಹೇಳಿದ್ದಾರೆ. ದರ್ಜಿ ಕೇಳಿದನೆಂದು ಬರೆ ಅಂದ, ಬರೆದಿದ್ದೇನೆ.

ನಿನ್ನ,
ಮೇಡಂ

ತಾ. ಕ.: ಕವರಿಗೆ ಹಾಕಿದ ಮೇಲೆ ಮತ್ತೆ ತೆಗೆದು ಬರೆಯುತ್ತಿದ್ದೇನೆ, ಅಮ್ಮ ಕರೆಯುತ್ತಿದ್ದಾರೆ, ಅವಸರ. ಇವತ್ತು ಬೆಳಿಗ್ಗೆ ಎಚ್ಚರವಾದಾಗ ಕೈ ತಾನಾಗಿ ಸ್ಟೂಲಿನ ಕಡೆ ಹೋಯಿತು. ಬಟ್ಟಲು ಖಾಲಿ, ಕಡ್ಡಿಯನ್ನು ನಾನೇ ಕಪಾಟಿನ ಒಳಗೆ ಇಟ್ಟಿದ್ದೆ. ಬಾಯಲ್ಲಿ ಏನೂ ಇರಲಿಲ್ಲ, ಮಾತಾಡಬಹುದಿತ್ತು. ಏನು ಮಾತಾಡಬೇಕೋ ತಿಳಿಯಲಿಲ್ಲ. ಇದೆಲ್ಲ ಶುರುವಾಗುವ ಮುಂಚೆ, ಎದ್ದ ಕೂಡಲೇ ನಾವು ಒಬ್ಬರಿಗೊಬ್ಬರು ಏನು ಹೇಳುತ್ತಿದ್ದೆವು? ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ನಿನಗೆ ನೆನಪಿದೆಯಾ? ಬೇಸರ ಮಾಡಿಕೊಳ್ಳುವುದಿಲ್ಲ ಎಂದು ಮೇಲೆ ಬರೆದದ್ದು ಸುಳ್ಳು, ಅದನ್ನು ಹೊಡೆದು ಹಾಕಿ ಓದಿಕೋ. ನೀನು ಬರಬೇಕು. ಮಗುವಿಗಾಗಿ ಅಲ್ಲ, ಅದು ಇಲ್ಲ, ಇನ್ನು ಆಗುತ್ತದೋ ಇಲ್ಲವೋ ಗೊತ್ತಿಲ್ಲ. ನನಗೆ ಬೆಳಿಗ್ಗೆ ಮಾತಾಡಲು ನೀನು ಬೇಕು. ಆದರೆ ಇದನ್ನೆಲ್ಲ ಓದಿ, ತಿಳಿದು, ಆಮೇಲೆ ಸಾಹೇಬರಿಗೆ ಏನು ಹೇಳಬೇಕೋ ಹೇಳು. ಈ ಶನಿವಾರದ ಜೀಪು ತಪ್ಪಬಾರದೆಂದು ಆಫೀಸಿಗೆ ಹೋಗುವ ದಾರಿಯಲ್ಲೇ ಇದನ್ನು ಡಬ್ಬಿಗೆ ಹಾಕುತ್ತೇನೆ. ನಾಳೆ, ಸೋಮವಾರ, ಹದಿಮೂರನೇ ತಾರೀಖು.